ಫ್ಯೂರ್ತ್‌ನಲ್ಲಿ ಮನೆ ಬರೆಸಿಕೊಂಡಿದ್ದು

"ಅಲ್ಲಾ ಪುಟ್ಟಿ, ಪರದೇಶದೋರಿಗೆ ಅಲ್ಲಿ ಮನೆ ಬರೆದು ಕೊಡ್ತಾರಾ?"

ಜರ್ಮನಿಯಲ್ಲಿ ಮನೆ ತಗೊಳ್ಳೋ ಯೋಚನೆ ಇದೆ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಅಪ್ಪ ಸಾಗರದ ಕಡೆಯವರು. ಅಡಿಕೆ ತೋಟ, ಪಹಣಿ, ಪೋಡಿ, ಸರ್ವೆ ಸ್ಕೆಚ್ಚು ಇವುಗಳ ನಡುವೆಯೇ ಜೀವನ ಕಳೆದವರು. ಊರಲ್ಲಿ ಯಾರೇ ಜಾಗ ಕೊಳ್ಳಲಿ, ಕಾಗದ ಮೊದಲು ಅಪ್ಪನ ಕೈಗೆ ಬರುತ್ತಿತ್ತು. ಅವರ ಪ್ರಶ್ನೆಗೆ ಆಗ ನನ್ನ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ.

ನಾವು ಜರ್ಮನಿಗೆ ಬಂದಿದ್ದು 2018ರಲ್ಲಿ. ನನ್ನ ಕೆಲಸ ಎರ್ಲಾಂಗನ್‌ನಲ್ಲಿ, ಗಂಡನದು ನ್ಯೂರೆಂಬರ್ಗ್‌ನಲ್ಲಿ. ಬಾಡಿಗೆ ಮನೆಯ ಮಾಲೀಕರು 2023ರಲ್ಲಿ "ಮಗನಿಗೆ ಮನೆ ಬೇಕು, ಬಿಟ್ಟುಕೊಡಿ" ಅಂತ ಕಾಗದ ಕಳಿಸಿದರು. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಮತ್ತೊಂದು ಬಾಡಿಗೆ ಮನೆ ಹುಡುಕಿ, ಮತ್ತೆ ಅವರು ಎಬ್ಬಿಸಿ, ಮತ್ತೆ ಶಾಲೆ ಬದಲಿಸಿ... ಬೇಡ ಅನ್ನಿಸಿತು. ಬ್ಯಾಂಕಿನವರನ್ನು, ಮೊದಲೇ ಮನೆ ಕೊಂಡ ಸಹೋದ್ಯೋಗಿಗಳನ್ನು ಕೇಳುತ್ತಾ ಹೋದೆವು.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಬರೆದು ಕೊಡ್ತಾರೆ. ಜರ್ಮನಿಯಲ್ಲಿ ಮನೆ ಕೊಳ್ಳಲು ಅಲ್ಲಿನ ಪೌರತ್ವ ಬೇಡ. ಅಲ್ಲಿ ವಾಸ ಇರಬೇಕು ಅಂತಲೂ ಇಲ್ಲ. ಎಲ್ಲ ದೇಶಗಳೂ ಹೀಗಿಲ್ಲ. ಸ್ವಿಟ್ಜರ್ಲೆಂಡ್‌ನಲ್ಲಿ ಪರದೇಶದವರಿಗೆ ಕಟ್ಟುನಿಟ್ಟಾದ ಮಿತಿ ಇದೆ. ಥಾಯ್ಲೆಂಡ್‌ನಲ್ಲಿ ಅಪಾರ್ಟ್‌ಮೆಂಟ್ ಕೊಳ್ಳಬಹುದು, ಆದರೆ ಒಂದು ಕಟ್ಟಡದ ಶೇ 49ರಷ್ಟು ಜಾಗಕ್ಕಿಂತ ಜಾಸ್ತಿ ಪರದೇಶದವರ ಕೈಯಲ್ಲಿ ಇರುವಂತಿಲ್ಲ. ನಮ್ಮ ದೇಶದ್ದೇ ನೋಡಿ. ನಾನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೂ ಎನ್‌ಆರ್‌ಐ ಆಗಿರುವ ತನಕ ಊರಲ್ಲಿ ಫ್ಲ್ಯಾಟ್ ಕೊಳ್ಳಬಹುದೇ ಹೊರತು ಒಂದು ಗುಂಟೆ ಅಡಿಕೆ ತೋಟ ಕೊಳ್ಳುವ ಹಾಗಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. ಇದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾಗಿಬಿಟ್ಟರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮನೆ ಕೊಂಡರೆ ಜರ್ಮನಿಯಲ್ಲಿ ವೀಸಾ ಸಿಗುವುದಿಲ್ಲ. ಮನೆ ಬೇರೆ, ಅಲ್ಲಿ ಇರುವ ಹಕ್ಕು ಬೇರೆ. ಮನೆ ಕೊಂಡರೆ ವೀಸಾ ಸಿಗುತ್ತದೆ ಅಂದುಕೊಂಡು ವಿಚಾರಿಸುವವರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ.

ಕಾನೂನು ತಡೆಯುವುದಿಲ್ಲ, ಆದರೆ ಬ್ಯಾಂಕು ತಡೆಯುತ್ತದೆ. 2020ರಲ್ಲಿ ಒಂದು ಸಲ ಸುಮ್ನೆ ವಿಚಾರಿಸಲು ಒಂದು ಬ್ಯಾಂಕಿಗೆ ಹೋಗಿದ್ದೆವು. ಆಗ ನಮ್ಮ ಹತ್ತಿರ ಇದ್ದದ್ದು ಬ್ಲೂ ಕಾರ್ಡ್, ಅಂದರೆ ಕೆಲಸದ ಮೇಲೆ ಸಿಗುವ, ಅವಧಿ ಇರುವ ವಾಸದ ಪರವಾನಗಿ ಮಾತ್ರ. ಅದರ ಮೇಲಿದ್ದ ಕೊನೆಯ ತಾರೀಖು ನೋಡಿ ಅಲ್ಲಿನ ಅಧಿಕಾರಿ ಫೈಲು ಮುಚ್ಚಿದರು. 2021ರಲ್ಲಿ ಕಾಯಂ ವಾಸದ ಪರವಾನಗಿ, ಅಂದರೆ ನೀಡರ್‌ಲಾಸುಂಗ್ಸ್‌ಎರ್‌ಲೌಬ್ನಿಸ್, ಕೈಗೆ ಬಂತು. ಅದಾದ ಮೇಲೆ ಮಾತಾಡುವ ಧಾಟಿಯೇ ಬದಲಾಯಿತು. ಮೂರು ತಿಂಗಳ ಸಂಬಳದ ಚೀಟಿ, ತೆರಿಗೆಯ ಆದೇಶ, ಕೆಲಸದ ಕರಾರು, ಷೂಫಾ ವರದಿ ಕೇಳಿದರು. ಷೂಫಾ ಅಂದರೆ ನಮ್ಮ ಸಿಬಿಲ್ ಇದ್ದ ಹಾಗೆ. ಆದರೆ ಬಡ್ಡಿ? 2022ರ ಶುರುವಿನಲ್ಲಿ ಶೇ 1ರ ಆಸುಪಾಸಿನಲ್ಲಿದ್ದದ್ದು 2023ರ ಕೊನೆಗೆ ಶೇ 4ರ ಹತ್ತಿರ ಹೋಗಿತ್ತು. ನಮಗೆ ಸಿಕ್ಕಿದ್ದು ಶೇ 3.6, ಹತ್ತು ವರ್ಷಕ್ಕೆ ಬದಲಾಗದ ದರ. ಬಡ್ಡಿ ಏರಿದ್ದಕ್ಕೆ ಮನೆಯ ಬೆಲೆ ಸ್ವಲ್ಪ ಇಳಿದಿತ್ತು ಅನ್ನೋದೊಂದೇ ಸಮಾಧಾನ.

ಬ್ಯಾಂಕು ಮನೆಯ ಬೆಲೆಗೆ ಸಾಲ ಕೊಡುತ್ತದೆ. ಮೇಲಿನ ಖರ್ಚಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆ ಖರ್ಚು ಚಿಕ್ಕದಲ್ಲ. ಮನೆ ಕೊಂಡಾಗ ಕಟ್ಟುವ ತೆರಿಗೆ ನಾವಿರುವ ಬವೇರಿಯಾ ರಾಜ್ಯದಲ್ಲಿ ಶೇ 3.5. ಜರ್ಮನಿಯಲ್ಲಿ ಇದೇ ಎಲ್ಲಕ್ಕಿಂತ ಕಡಿಮೆ, ಬರ್ಲಿನ್‌ನಲ್ಲಿ ಶೇ 6 ಇದೆ. ಏಜೆಂಟರ ಕಮಿಷನ್ನಿನಲ್ಲಿ ನಮ್ಮ ಪಾಲು ಶೇ 3.57. 2020ರ ಡಿಸೆಂಬರ್‌ನಲ್ಲಿ ಬಂದ ಕಾನೂನಿನ ಪ್ರಕಾರ ಏಜೆಂಟರು ಎರಡೂ ಕಡೆಗೆ ಕೆಲಸ ಮಾಡಿದರೆ ಮಾರುವವರೂ ಕೊಳ್ಳುವವರೂ ಸಮ ಕೊಡಬೇಕು. ನೋಟಾರ್, ಅಂದರೆ ಪತ್ರ ಬರೆದು ಸಹಿ ಮಾಡಿಸುವ ಅಧಿಕಾರಿ, ಮತ್ತು ನೋಂದಣಿಗೆ ಇನ್ನೂ ಶೇ 2ರಷ್ಟು. 2,65,000 ಯೂರೊ ಮನೆಗೆ ನಾವು ಮೇಲೆ ಕಟ್ಟಿದ್ದು ಸುಮಾರು 23,700 ಯೂರೊ.

ಇದಕ್ಕೆ ನಾನು ಶಿವಮೊಗ್ಗದ ನನ್ನ ಸೈಟು ಮಾರಿದೆ. ಬೆಂಗಳೂರಲ್ಲಿ ಕೆಲಸ ಮಾಡುವಾಗ ಕೂಡಿಟ್ಟ ದುಡ್ಡಿನಲ್ಲಿ ಕೊಂಡ ಸೈಟು ಅದು. 2023ರ ಡಿಸೆಂಬರ್ ರಜೆಯಲ್ಲಿ ಹೋಗಿ 28 ಲಕ್ಷಕ್ಕೆ ಮಾತು ಮುಗಿಸಿದೆ. ಅಲ್ಲೊಂದು ತೊಡಕು ಬಂತು. 50 ಲಕ್ಷದೊಳಗಿನ ಮಾರಾಟಕ್ಕೆ ಟಿಡಿಎಸ್, ಅಂದರೆ ಕೊಳ್ಳುವವರೇ ಮೊದಲೇ ಹಿಡಿಯುವ ತೆರಿಗೆ, ಇಲ್ಲ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಆದರೆ ಮಾರುವವರು ಎನ್‌ಆರ್‌ಐ ಆಗಿದ್ದರೆ ಆ ಲೆಕ್ಕ ನಡೆಯುವುದಿಲ್ಲ. ಆಗಿನ ನಿಯಮದಲ್ಲಿ ಕೊಳ್ಳುವವರು ಶೇ 20 ಮತ್ತು ಅದರ ಮೇಲಿನ ಸೆಸ್ ಹಿಡಿದು ತೆರಿಗೆ ಇಲಾಖೆಗೆ ಕಟ್ಟಬೇಕಿತ್ತು. ಮೊದಲೇ ಅರ್ಜಿ ಹಾಕಿ ಕಡಿಮೆ ಟಿಡಿಎಸ್‌ಗೆ ಸರ್ಟಿಫಿಕೇಟ್ ತಗೊಂಡಿದ್ದರೆ ಅಷ್ಟು ಹಿಡಿಯಬೇಕಿರಲಿಲ್ಲ. ನನಗೆ ಅದು ತಡವಾಗಿ ತಿಳಿಯಿತು. ಕೈಗೆ ಬಂದದ್ದು 22 ಲಕ್ಷ ಚಿಲ್ಲರೆ. ಉಳಿದದ್ದರಲ್ಲಿ ದೊಡ್ಡ ಭಾಗ ರಿಟರ್ನ್ಸ್ ಹಾಕಿದ ಮೇಲೆ ವಾಪಸ್ ಬಂತು. ದುಡ್ಡು ಎನ್‌ಆರ್‌ಐಗಳಿಗಿರುವ ಎನ್‌ಆರ್‌ಒ ಖಾತೆಗೆ ಬಿದ್ದು, ಹೊರದೇಶಕ್ಕೆ ಕಳಿಸಲು ಬೇಕಿದ್ದ ಚಾರ್ಟರ್ಡ್ ಅಕೌಂಟೆಂಟರ 15ಸಿಬಿ ಸರ್ಟಿಫಿಕೇಟ್ ಆಗಿ, ನಾನು 15ಸಿಎ ಫಾರಂ ತುಂಬಿಸಿ, ಕೊನೆಗೆ ಯೂರೊ ಆಗಿ ಇಲ್ಲಿಗೆ ಬಂತು. ಈ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ದುಡ್ಡು ಎಲ್ಲಿಂದ ಬಂತು ಅಂತ ಇಲ್ಲಿನ ಬ್ಯಾಂಕು ಖಂಡಿತ ಕೇಳುತ್ತದೆ. ನಾನು ಸೈಟಿನ ಕ್ರಯಪತ್ರವನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಸಿ ಕೊಡಬೇಕಾಯಿತು.

ಅಪ್ಪ ಇನ್ನೊಂದು ಪ್ರಶ್ನೆ ಕೇಳಿದ್ದರು. "ಎಷ್ಟು ವೈಟು, ಎಷ್ಟು ಕ್ಯಾಶು?" ಇಲ್ಲಿ ಎಲ್ಲವೂ ಬ್ಯಾಂಕಿನ ಮೂಲಕವೇ. 2023ರ ಏಪ್ರಿಲ್‌ನಿಂದ ಜರ್ಮನಿಯಲ್ಲಿ ಮನೆ, ಜಾಗಕ್ಕೆ ನಗದು ಕೊಡುವುದೇ ನಿಷೇಧ. ಚಿನ್ನ ಕೊಡುವುದಕ್ಕೂ ಅದೇ ನಿಷೇಧ.

ಮನೆ ಸಿಕ್ಕಿದ್ದು ಫ್ಯೂರ್ತ್‌ನಲ್ಲಿ, 2024ರ ಫೆಬ್ರವರಿಯಲ್ಲಿ. ಫ್ಯೂರ್ತ್ ನ್ಯೂರೆಂಬರ್ಗ್‌ಗೆ ಅಂಟಿಕೊಂಡ ಊರು. 1835ರಲ್ಲಿ ಜರ್ಮನಿಯ ಮೊದಲ ಉಗಿಬಂಡಿ ರೈಲು ಓಡಿದ್ದು ಈ ಎರಡು ಊರುಗಳ ನಡುವೆಯೇ. ಈಗ ಮೆಟ್ರೊ ಇದೆ. ಯುದ್ಧದಲ್ಲಿ ನ್ಯೂರೆಂಬರ್ಗ್‌ಗೆ ಆದಷ್ಟು ಹಾನಿ ಫ್ಯೂರ್ತ್‌ಗೆ ಆಗಲಿಲ್ಲ. ಹಾಗಾಗಿ ನೂರು ವರ್ಷ ದಾಟಿದ ಮರಳುಗಲ್ಲಿನ ಮನೆಗಳು ಸಾಲು ಸಾಲಾಗಿ ನಿಂತಿವೆ. ನಾವು ನೋಡಿದ ಕಟ್ಟಡವೂ ಅಂಥದ್ದೇ. ಸ್ಮಾರಕದ ಪಟ್ಟಿಯಲ್ಲಿರುವ ಹಳೇ ಕಟ್ಟಡ, ಹತ್ತು ಮನೆ. ನಮ್ಮದು ಎರಡನೇ ಮಹಡಿ, ಮೂರು ಕೋಣೆ, 72 ಚದರ ಮೀಟರ್. ಮಾರುವವರು ವಯಸ್ಸಾದ ಅಜ್ಜಿ. ಮೆಟ್ಟಿಲು ಹತ್ತಲಾಗದೆ ಮಗಳ ಮನೆಗೆ ಹೋಗುತ್ತಿದ್ದರು. ಎತ್ತರದ ಛಾವಣಿ, ಮರದ ನೆಲ, ಅಡುಗೆಮನೆಗೆ ಬೆಳಗಿನ ಬಿಸಿಲು. ನನಗೆ ಬಾಗಿಲಲ್ಲೇ ಮನಸ್ಸು ಕೂತುಬಿಟ್ಟಿತ್ತು.

ಏಜೆಂಟರು ಆವತ್ತೇ 1,500 ಯೂರೊ ಕಟ್ಟಿದರೆ ಮನೆ ನಿಮಗೇ ಹಿಡಿದಿಡುತ್ತೇನೆ ಅಂದರು. ನಮ್ಮ ಕಡೆಯ ಅಡ್ವಾನ್ಸ್ ಥರ ಅಂದುಕೊಂಡು ಗಂಡ ಫೋನ್ ತೆಗೆದರು. ನಾನು ತಡೆದು, ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರನ್ನು ಕೇಳಿದೆ. ಅವರು ಕಟ್ಟಬೇಡಿ ಅಂದರು. ಏಜೆಂಟರ ಅಚ್ಚಾದ ಕರಾರಿನಲ್ಲಿ ಇಂಥ ಶುಲ್ಕ ಹಾಕುವುದು ನಡೆಯುವುದಿಲ್ಲ ಅಂತ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಹೇಳಿದೆಯಂತೆ. ಅದೂ ಅಲ್ಲದೆ ಇಲ್ಲಿ ನೋಟಾರ್ ಮುಂದೆ ಸಹಿಯಾಗುವ ತನಕ ಮನೆಯ ಯಾವ ಮಾತಿಗೂ ಬೆಲೆ ಇಲ್ಲ. ಬಾಯಿಮಾತು, ಇಮೇಲ್, ಕೈಕುಲುಕಿದ್ದು, ಯಾವುದೂ ಕಟ್ಟುಬೀಳಿಸುವುದಿಲ್ಲ. ನಾವು ಕಟ್ಟಲಿಲ್ಲ. ಮನೆ ಎಲ್ಲಿಗೂ ಹೋಗಲಿಲ್ಲ.

ಅದೇ ಸಹೋದ್ಯೋಗಿ ಇನ್ನೊಂದು ಮಾತು ಹೇಳಿದ್ದರು. "ಗೋಡೆ ನೋಡಿದ್ದು ಸಾಕು. ಮೂರು ವರ್ಷದ ಸಭೆಯ ನಡಾವಳಿ ಕೇಳಿ ತಗೊಂಡು ಓದಿ." ಕಟ್ಟಡದ ಮನೆ ಮಾಲೀಕರೆಲ್ಲ ವರ್ಷಕ್ಕೊಂದು ಸಲ ಸಭೆ ಸೇರುತ್ತಾರೆ. ಅಲ್ಲಿ ಆದದ್ದನ್ನು ಬರೆದಿಡುತ್ತಾರೆ. ಏಜೆಂಟರು ಕಳಿಸಿದ ಕಂತೆಯಲ್ಲಿ ಅದಿರಲಿಲ್ಲ. ಎರಡು ಸಲ ಕೇಳಿದ ಮೇಲೆ ಬಂತು.

ಮಗಳು ಮಲಗಿದ ಮೇಲೆ ನಾನೂ ಗಂಡನೂ ಊಟದ ಮೇಜಿನ ಮೇಲೆ ಆ ಹಾಳೆಗಳನ್ನು ಹರಡಿಕೊಂಡು ಕೂತೆವು. ನನಗೆ ಬರುವುದು ಬಿ1 ಮಟ್ಟದ ಜರ್ಮನ್. ಅಂಗಡಿ, ಡಾಕ್ಟರು, ಶಾಲೆಗೆ ಸಾಕು. ಇಂಥ ಕಾಗದಕ್ಕೆ ಸಾಲದು. ಒಂದೊಂದು ಪದ ಮೊಳದುದ್ದ. ಮೂರು ರಾತ್ರಿ ಹಿಡಿಯಿತು. ಮೂರನೇ ರಾತ್ರಿ 2022ರ ನಡಾವಳಿಯ ಏಳನೇ ಅಂಶದಲ್ಲಿ ಅದು ಸಿಕ್ಕಿತು. ಛಾವಣಿ ಪೂರ್ತಿ ಬದಲಿಸಬೇಕು, ಅಂದಾಜು 1,40,000 ಯೂರೊ, ರಿಪೇರಿಗೆ ಕೂಡಿಟ್ಟ ನಿಧಿಯಲ್ಲಿರುವುದು 38,000, ತೀರ್ಮಾನ ಮುಂದಕ್ಕೆ. ಮುಂದಿನ ವರ್ಷದ ನಡಾವಳಿಯಲ್ಲೂ "ಮುಂದಕ್ಕೆ" ಅಂತಲೇ ಇತ್ತು. ನಿಧಿ ಸಾಲದಿದ್ದರೆ ಉಳಿದದ್ದನ್ನು ಮಾಲೀಕರೇ ಪಾಲಿನ ಪ್ರಕಾರ ಹಾಕಬೇಕು. ಅದಕ್ಕೆ ಜೋಂಡರ್‌ಉಮ್‌ಲಾಗೆ ಅಂತಾರೆ. ನಮ್ಮ ಮನೆಯ ಪಾಲು ಸಾವಿರಕ್ಕೆ 98. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 10,000 ಯೂರೊ.

ಏಜೆಂಟರು ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನನಗೆ ಆ ರಾತ್ರಿ ನಿಜಕ್ಕೂ ಸಿಟ್ಟು ಬಂತು. ಓದದೆ ಸಹಿ ಹಾಕಿದ್ದರೆ ಆರೇ ತಿಂಗಳಲ್ಲಿ ಆ ಬಿಲ್ಲು ನಮ್ಮ ಬಾಗಿಲಿಗೆ ಬರುತ್ತಿತ್ತು, ಕಟ್ಟಲು ನಮ್ಮ ಹತ್ತಿರ ಒಂದು ಪೈಸೆಯೂ ಉಳಿದಿರುತ್ತಿರಲಿಲ್ಲ. ನಡಾವಳಿಯ ಪುಟ ಹಿಡಿದುಕೊಂಡು ಮಾತಾಡಿದೆವು. 2,75,000 ಹೇಳಿದ್ದ ಬೆಲೆ 2,65,000ಕ್ಕೆ ಬಂತು. ಅಜ್ಜಿ ಏನೂ ಗೊಣಗಲಿಲ್ಲ. ಛಾವಣಿಯ ವಿಷಯ ನಮಗೆ ಮೊದಲೇ ಹೇಳಿರುತ್ತಾರೆ ಅಂದುಕೊಂಡಿದ್ದರಂತೆ.

ಇಷ್ಟರಲ್ಲಿ ಅಪ್ಪನ ಫೋನು. "ಇ.ಸಿ. ತೆಗೆಸಿದ್ಯಾ? ಎಷ್ಟು ವರ್ಷದ್ದು?"

ಇ.ಸಿ. ಅಂದರೆ ಆಸ್ತಿಯ ಮೇಲಿನ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ. ಇಲ್ಲಿನ ಪದ್ಧತಿಯನ್ನು ಅಪ್ಪನಿಗೆ ವಿವರಿಸುವುದು ನನಗೆ ಖುಷಿಯ ಕೆಲಸವಾಗಿತ್ತು. ನಮ್ಮಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದು ಪತ್ರ. ಮಾರಿದವರಿಗೆ ನಿಜವಾಗಿ ಹಕ್ಕಿತ್ತೇ ಅನ್ನುವುದಕ್ಕೆ ಆ ಕಚೇರಿ ಜವಾಬ್ದಾರಿ ಅಲ್ಲ. ಅದಕ್ಕೇ ಮೂಲಪತ್ರ, ವಂಶವೃಕ್ಷ, ಮೂವತ್ತು ವರ್ಷದ ಇ.ಸಿ. ಎಲ್ಲ ಜಾಲಾಡಬೇಕು. ಇಲ್ಲಿ ಗ್ರುಂಡ್‌ಬೂಖ್ ಅಂತ ಒಂದು ಪುಸ್ತಕ ಇದೆ. ಈಗ ಕಂಪ್ಯೂಟರಿನಲ್ಲಿದೆ, ನೋಡಿಕೊಳ್ಳುವುದು ಸ್ಥಳೀಯ ನ್ಯಾಯಾಲಯ. ಅದರಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ಮಾಲೀಕರು ಯಾರು, ಎರಡನೆಯದರಲ್ಲಿ ದಾರಿಯ ಹಕ್ಕು ಮುಂತಾದ ಹೊರೆಗಳು, ಮೂರನೆಯದರಲ್ಲಿ ಸಾಲ. ಅದರಲ್ಲಿ ಇದ್ದದ್ದನ್ನು ನಂಬಿ ಕೊಂಡವರಿಗೆ ಕಾನೂನಿನ ರಕ್ಷಣೆ ಇದೆ. ಆದರೆ ನಮ್ಮ ಇ.ಸಿ. ಥರ ಯಾರು ಬೇಕಾದರೂ ತೆಗೆಸುವ ಹಾಗಿಲ್ಲ. ಸರಿಯಾದ ಕಾರಣ ತೋರಿಸಬೇಕು.

ಪುಸ್ತಕದಲ್ಲಿ ನಮ್ಮ ಮನೆಯ ಮೂರನೇ ಭಾಗದಲ್ಲಿ ಒಂದು ಸಾಲ ಇನ್ನೂ ಕೂತಿತ್ತು. ಯೂರೊದಲ್ಲಿ ಅಲ್ಲ, ಅದಕ್ಕೂ ಮೊದಲಿದ್ದ ಡಾಯ್ಚ್ ಮಾರ್ಕ್‌ನಲ್ಲಿ! ಅಜ್ಜಿ ಮತ್ತು ಅವರ ತೀರಿಹೋದ ಯಜಮಾನರು 1980ರ ದಶಕದಲ್ಲಿ ಮಾಡಿದ್ದ ಸಾಲ. ಯಾವತ್ತೋ ತೀರಿಸಿದ್ದರು, ಆದರೆ ಪುಸ್ತಕದಿಂದ ತೆಗೆಸಿರಲಿಲ್ಲ. "ನಮ್ಮ ಪಹಣಿಯಲ್ಲೂ ಹಾಗೇ, ಸೊಸೈಟಿ ಸಾಲ ತೀರಿಸಿ ಹತ್ತು ವರ್ಷ ಆದ್ರೂ ಋಣದ ಕಾಲಂನಲ್ಲಿ ಇತ್ತು" ಅಂದರು ಅಪ್ಪ. ಜರ್ಮನಿಯ ಬಗ್ಗೆ ಅವರಿಗೆ ಮೊದಲ ಸಲ ನಂಬಿಕೆ ಬಂದಂತೆ ಕಂಡಿತು.

ಮೇ ತಿಂಗಳಲ್ಲಿ ನೋಟಾರ್ ಹತ್ತಿರ ಹೋದೆವು. ನಮ್ಮ ಕೋರ್ಟಿನ ಹೊರಗೆ ಸೀಲು ಒತ್ತಿಕೊಡುವ ನೋಟರಿ ಅಂದುಕೊಳ್ಳಬೇಡಿ. ಇವರು ಕಾನೂನು ಓದಿದ, ಸರ್ಕಾರ ನೇಮಿಸಿದ ಅಧಿಕಾರಿ. ಎರಡೂ ಕಡೆಗೆ ಸಮನಾಗಿ ನಿಲ್ಲಬೇಕು. ಪತ್ರ ಬರೆಯುವವರೂ ಇವರೇ, ಪುಸ್ತಕಕ್ಕೆ ಅರ್ಜಿ ಹಾಕುವವರೂ ಇವರೇ. ಹದಿನೈದು ದಿನ ಮೊದಲೇ ಕರಡು ಬಂದಿತ್ತು.

ಇಲ್ಲಿ ನಾನು ಒಂದು ತಪ್ಪು ಮಾಡುವವಳಿದ್ದೆ. ನನಗೆ ಅಷ್ಟಿಷ್ಟು ಜರ್ಮನ್ ಬರುತ್ತದಲ್ಲ, ಗಂಡನಿಗೆ ನಾನೇ ಹೇಳಿದರಾಯಿತು, ಅನುವಾದಕರು ಯಾಕೆ ಅಂದುಕೊಂಡಿದ್ದೆ. ನೋಟಾರ್ ಕಚೇರಿಯಿಂದ ಫೋನ್ ಬಂತು. ಕೊಳ್ಳುವವರಿಗೆ ಭಾಷೆ ಸಾಕಷ್ಟು ಬರದಿದ್ದರೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲೇಬೇಕು, ಇದು ಕಾನೂನು. ಗಂಡನಿಗೆ ಹೆಂಡತಿ ಅನುವಾದ ಮಾಡುವಂತಿಲ್ಲ. ನನ್ನ ಜರ್ಮನ್ ಪರೀಕ್ಷೆ ಮಾಡಲು ಆ ಮಹಿಳೆ ಫೋನಿನಲ್ಲೇ ಕರಡಿನ ಒಂದು ಪ್ಯಾರಾ ಓದಿ ಏನು ಅರ್ಥವಾಯಿತು ಅಂತ ಕೇಳಿದರು. ನಾನು ಹೇಳಿದ್ದು ಅರ್ಧ ತಪ್ಪು. ಕನ್ನಡದ ಅನುವಾದಕರು ಎಷ್ಟು ಹುಡುಕಿದರೂ ಸಿಗಲಿಲ್ಲ. ಇಂಗ್ಲಿಷ್ ಅನುವಾದಕಿಯನ್ನು ಗೊತ್ತುಮಾಡಿದೆವು. 380 ಯೂರೊ ಆಯಿತು. ಇಡೀ ವ್ಯವಹಾರದಲ್ಲಿ ಇಷ್ಟು ಸಾರ್ಥಕವಾಗಿ ಖರ್ಚಾದ ದುಡ್ಡು ಇನ್ನೊಂದಿಲ್ಲ.

ಆ ದಿನ ಮೇಜಿನ ಸುತ್ತ ಅಜ್ಜಿ, ಅವರ ಮಗಳು, ಅನುವಾದಕಿ, ನಾವಿಬ್ಬರು. ಮೊದಲು ಪಾಸ್‌ಪೋರ್ಟ್ ನೋಡಿದರು. ಗಂಡನ ಸರ್‌ನೇಮ್ ಜಾಗದಲ್ಲಿ ಅವರ ಅಪ್ಪನ ಹೆಸರು, ನನ್ನದರಲ್ಲಿ ನಮ್ಮ ಊರ ಹೆಸರು. "ನೀವಿಬ್ಬರೂ ಗಂಡ ಹೆಂಡತಿ ತಾನೆ?" ಅಂತ ಕೇಳಿದರು. ನಮ್ಮ ಇನಿಷಿಯಲ್ ಪದ್ಧತಿಯನ್ನು ವಿವರಿಸಿ, ಮದುವೆಯ ಸರ್ಟಿಫಿಕೇಟ್ ತೋರಿಸಿದೆವು. ಎಲ್ಲಿ ಮದುವೆ ಆಯಿತು, ಆದ ಮೇಲೆ ಮೊದಲು ಎಲ್ಲಿ ಸಂಸಾರ ಮಾಡಿದಿರಿ ಅಂತಲೂ ಕೇಳಿ ಬರೆದುಕೊಂಡರು. ಗಂಡ ಹೆಂಡಿರ ಆಸ್ತಿಗೆ ಯಾವ ದೇಶದ ಕಾನೂನು ಅನ್ನುವುದು ಅದರಿಂದ ಗೊತ್ತಾಗುತ್ತದಂತೆ. ನಾವು ಅರ್ಧ ಅರ್ಧ ಪಾಲು ಅಂತ ಬರೆಸಿದೆವು.

ಆಮೇಲೆ ನೋಟಾರ್ ಓದಲು ಶುರುಮಾಡಿದರು. ಇಡೀ ಪತ್ರವನ್ನು ಗಟ್ಟಿಯಾಗಿ ಓದಲೇಬೇಕು. ಓದದಿದ್ದರೆ ಪತ್ರಕ್ಕೆ ಬೆಲೆ ಇಲ್ಲ. ಒಂದು ಪ್ಯಾರಾ ಜರ್ಮನ್‌ನಲ್ಲಿ, ಅದೇ ಇಂಗ್ಲಿಷ್‌ನಲ್ಲಿ. ಎರಡು ಗಂಟೆ ಮೇಲಾಯಿತು. ಮನೆಯನ್ನು ಇದ್ದ ಹಾಗೆ ಕೊಳ್ಳುತ್ತಿದ್ದೀರಿ, ಮುಂದೆ ದೋಷ ಕಂಡರೆ ಮಾರಿದವರು ಜವಾಬ್ದಾರರಲ್ಲ, ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಮಾತ್ರ ಬೇರೆ. ಛಾವಣಿಯ ವಿಷಯವನ್ನು ಹೆಸರಿಟ್ಟು ಬರೆಸಿದ್ದೆವು. ಮುಂದೆ ಒಂದು ಕಡೆ "ದುಡ್ಡು ಕಟ್ಟದಿದ್ದರೆ ಕೋರ್ಟಿನ ತೀರ್ಪಿಲ್ಲದೆಯೇ ನಿಮ್ಮ ಎಲ್ಲ ಆಸ್ತಿಯ ಮೇಲೆ ಜಪ್ತಿಗೆ ಒಪ್ಪಿದ್ದೀರಿ" ಅಂತ ಬಂತು. ಗಂಡ ನನ್ನ ಕಡೆ ತಿರುಗಿದರು. ಮುಖದಲ್ಲಿ ರಕ್ತ ಇರಲಿಲ್ಲ. ನೋಟಾರ್ ಓದು ನಿಲ್ಲಿಸಿ ಪೆನ್ನು ಕೆಳಗಿಟ್ಟರು. ಇದು ಇಲ್ಲಿ ಸಾಮಾನ್ಯವಾಗಿ ಎಲ್ಲ ಪತ್ರದಲ್ಲೂ ಇರುವ ಮಾತು, ಯಾವಾಗ ಹಾಗಾಗುತ್ತದೆ, ಅದಕ್ಕೆ ಮೊದಲು ಏನೇನು ನೋಟಿಸು ಬರುತ್ತದೆ ಅಂತ ಹತ್ತು ನಿಮಿಷ ಬಿಡಿಸಿ ಹೇಳಿದರು. ಗಂಡ ಮತ್ತೆ ಎರಡು ಪ್ರಶ್ನೆ ಕೇಳಿದರು. ಅದಕ್ಕೂ ಉತ್ತರ ಬಂತು. ಯಾರೂ ಗಡಿಯಾರ ನೋಡಲಿಲ್ಲ. ಶಿವಮೊಗ್ಗದಲ್ಲಿ ಸೈಟು ಕೊಂಡಾಗ ಪತ್ರ ಬರೆದವರು ಸಹಿ ಮಾಡುವ ಜಾಗ ತೋರಿಸಿದ್ದಷ್ಟೇ ನನಗೆ ನೆನಪು. ನಾನೂ ಓದಿರಲಿಲ್ಲ. ನನ್ನದೇ ಭಾಷೆಯಲ್ಲಿದ್ದ ಪತ್ರ ಅದು.

ಸಹಿಯಾದ ಮೇಲೂ ಮನೆ ನಮ್ಮದಾಗಲಿಲ್ಲ. ಮೊದಲು ಗ್ರುಂಡ್‌ಬೂಖ್‌ನಲ್ಲಿ ನಮ್ಮ ಹೆಸರಿಗೆ ಒಂದು ಕಾಯ್ದಿರಿಸಿದ ಗುರುತು ಬೀಳುತ್ತದೆ. ಅಜ್ಜಿ ಆಮೇಲೆ ಬೇರೆಯವರಿಗೆ ಮಾರಿದರೂ ಅದು ನಮ್ಮನ್ನು ತಟ್ಟುವುದಿಲ್ಲ. ಕಟ್ಟಡದ ಆಡಳಿತದವರ ಒಪ್ಪಿಗೆ ಬರಬೇಕಿತ್ತು, ಹಳೇ ಮಾರ್ಕ್ ಸಾಲ ತೆಗೆಯುವ ಕಾಗದ ಬರಬೇಕಿತ್ತು. ಎಲ್ಲ ಕೂಡಿಬಂದ ಮೇಲೆ ಜುಲೈನಲ್ಲಿ ನೋಟಾರ್ "ಈಗ ದುಡ್ಡು ಕಟ್ಟಿ" ಅಂತ ಕಾಗದ ಕಳಿಸಿದರು. ಅದಕ್ಕೆ ಮೊದಲು ಒಂದು ಯೂರೊ ಕೊಡುವಂತಿಲ್ಲ. ಬ್ಯಾಂಕು 2,12,000 ನೇರವಾಗಿ ಕಟ್ಟಿತು, ಉಳಿದದ್ದು ನಾವು. ಅಜ್ಜಿ ಬೀಗದ ಕೈ ಕೊಟ್ಟ ದಿನ ಕರೆಂಟು, ನೀರಿನ ಮೀಟರ್ ಓದಿ ಬರೆದುಕೊಂಡೆವು. ನೆಲಮಾಳಿಗೆಯ ಬಾಗಿಲು ಚಳಿಗಾಲದಲ್ಲಿ ಹೇಗೆ ಎತ್ತಿ ತಳ್ಳಬೇಕು ಅಂತ ತೋರಿಸಿಕೊಟ್ಟರು. ತೆರಿಗೆಯ 9,275 ಯೂರೊ ಕಟ್ಟಿ, ತೆರಿಗೆ ಕಚೇರಿ ನೋಟಾರ್‌ಗೆ ಒಪ್ಪಿಗೆ ಕಾಗದ ಕಳಿಸಿ, ಪುಸ್ತಕದಲ್ಲಿ ನಮ್ಮ ಹೆಸರು ಬಿದ್ದದ್ದು ಅಕ್ಟೋಬರ್‌ನಲ್ಲಿ.

"ಅಸಲು ಪತ್ರ ಎಲ್ಲಿಟ್ಟಿದೀಯ? ಬ್ಯಾಂಕಿನವರ ಹತ್ರನಾ?" ಅಂದರು ಅಪ್ಪ. ಅಸಲು ನೋಟಾರ್ ಹತ್ತಿರವೇ ಇರುತ್ತದೆ, ನಮಗೆ ನಕಲು, ಹಕ್ಕು ಇರುವುದು ಪುಸ್ತಕದಲ್ಲಿ ಅಂದೆ. ಅಪ್ಪನಿಗೆ ಇದೊಂದು ಮಾತ್ರ ಇವತ್ತಿಗೂ ಒಗ್ಗಿಲ್ಲ.

ಈಗ ತಿಂಗಳ ಕಂತು 989 ಯೂರೊ. ಕಟ್ಟಡದ ಖರ್ಚಿಗೆ 310. ಹಳೇ ಬಾಡಿಗೆಗಿಂತ ಜಾಸ್ತಿಯೇ.

ನವೆಂಬರ್‌ನಲ್ಲಿ ಮಾಲೀಕರ ಸಭೆಗೆ ಕರೆ ಬಂತು. ನಾನೇ ಹೋದೆ. ಊರ ನಗರಸಭೆ ಚುನಾವಣೆಯಲ್ಲಿ ನನಗೆ ಮತ ಇಲ್ಲ, ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಅದು ಇಲ್ಲ. ಈ ಸಭೆಯಲ್ಲಿ ಇದೆ. ಛಾವಣಿಯ ವಿಷಯ ಮತ್ತೆ ಬಂತು. ಮತ್ತೆ ಮುಂದಕ್ಕೆ ಹಾಕೋಣ ಅಂತ ಮೊದಲ ಮಹಡಿಯವರು ಅಂದರು. ನಾಲ್ಕನೇ ಮಹಡಿಯಲ್ಲಿ ಒಂದು ಕುಟುಂಬ ಎರಡು ಮಳೆಗಾಲ ಬಕೆಟ್ ಇಟ್ಟುಕೊಂಡು ಮಲಗಿದೆ ಅಂತ ನಡಾವಳಿಯಲ್ಲಿ ಓದಿದ್ದೆ. ಆ ಪುಟ ತೆಗೆದು, ನನಗೆ ಬರುವ ಜರ್ಮನ್‌ನಲ್ಲಿ ಓದಿ ಹೇಳಿದೆ. ಕೈ ಎತ್ತಿದೆ. ಹತ್ತರಲ್ಲಿ ಏಳು ಕೈ ಎದ್ದವು.

ಮುಂದಿನ ವಾರ ಆ ಸಭೆಯ ನಡಾವಳಿ ಅಂಚೆಯಲ್ಲಿ ಬಂತು. ರಾತ್ರಿ ಅಪ್ಪನಿಗೆ ಫೋನ್ ಮಾಡಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕನ್ನಡದಲ್ಲಿ ಓದಿದೆ. ಅಪ್ಪ ನಡುವೆ ತಡೆದು ತಡೆದು ಪ್ರಶ್ನೆ ಕೇಳಿದರು.